ಬೂದುಗುಡ್ಡ ಮತ್ತು ಬೆಳ್ಳಿತೆರೆ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದಾಗ ನನ್ನ ಒಂಬತ್ತನೇ ತರಗತಿಯ ಮಕ್ಕಳ ಬಳಿ ಒಂದೊಂದು ಹಳೆಯ ನೋಟ್‌ಬುಕ್ಕಿತ್ತು. ಅದರೊಳಗೆ ಹಳೆಯ ಸಿನಿಮಾ ಪತ್ರಿಕೆಗಳಿಂದ ಕತ್ತರಿಸಿದ ಕಪ್ಪುಬಿಳುಪು ಚಿತ್ರಗಳು. ಕೋಲಾರ ಚಿನ್ನದ ಗಣಿ ಪ್ರದೇಶ ನೋಡುವುದು, ಅಲ್ಲಿ ಸಿಕ್ಕ ಎಲೆ, ತೊಗಟೆ, ಹುಲ್ಲನ್ನು ಈ ಚಿತ್ರಗಳ ಜೊತೆ ಅಂಟಿಸಿ ಕೊಲಾಜ್ ಮಾಡುವುದು, ಇಷ್ಟೇ ಯೋಜನೆ. 'ಇದು ಪರೀಕ್ಷೆಗೆ ಬರುತ್ತದೆಯೇ ಸಾರ್?' ಎಂದು ಒಬ್ಬ ತಂದೆ ಕೇಳಿದ್ದರು. ಇಲ್ಲ ಎಂದೆ. ಆದರೂ ಮಗಳನ್ನು ಕಳಿಸಿದರು, ಪುಣ್ಯಾತ್ಮರು!

ಊರಿಗಾಂ, ಚಾಂಪಿಯನ್ ಸ್ಟೇಷನ್ ದಾಟುವಾಗ ಮರವಿಲ್ಲದ ಬೂದುಗುಡ್ಡಗಳು ಕಂಡವು. ಜನ ಇವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯಿದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ದಿಬ್ಬಗಳು ಉಳಿದವು. 2018ರ 'ಕೆ.ಜಿ.ಎಫ್.' ಚಿತ್ರ ನೋಡಿದ್ದ ಹುಡುಗರಿಗೆ ಇದು ಪರಿಚಿತ ಜಾಗವೇ.

ಆ ಹುಡುಗಿ ಹಿನ್ನೆಲೆಗೆ ಚೆನ್ನಾಗಿರುತ್ತದೆಂದು ಒಂದು ಹಿಡಿ ಪುಡಿಗೆ ಬಗ್ಗಿದಳು. ತಡೆದೆ. ಬಿಸಿಲು ಗಾಳಿಗೆ ಸೈನೈಡ್ ಕ್ರಮೇಣ ಒಡೆಯುತ್ತದೆ, ನಿಜ. ಆದರೆ ಸಿಲಿಕಾದ ನುಣ್ಣನೆಯ ಧೂಳು ಒಡೆಯುವುದಿಲ್ಲ. ಗಣಿ ಕಾರ್ಮಿಕರ ಶ್ವಾಸಕೋಶ ತಿಂದದ್ದು ಅಂಥದ್ದೇ ಧೂಳು. ಗಾಳಿ ಬೀಸಿದಾಗ ಸುತ್ತಲಿನ ಮನೆಗಳಿಗೂ ಅದು ನುಗ್ಗುತ್ತದೆ.

ಮಾರಿಕುಪ್ಪಂನಲ್ಲಿ ನೆರಳು ಹುಡುಕಿ ಕುಳಿತು ಅವರ ಚಿತ್ರಗಳನ್ನು ಹರವಿದೆವು. ಕಪ್ಪುಬಿಳುಪು ಫಿಲ್ಮಿನ ಕಪ್ಪು ಎಂದರೆ ಬೆಳ್ಳಿಯ ಸೂಕ್ಷ್ಮ ಕಣಗಳು ಎಂದು ವಿವರಿಸಿದೆ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' (1934) ಇಂದು ನೋಡಲು ಸಿಗುವುದಿಲ್ಲ. ಭಾರತದ ಎಷ್ಟೋ ಹಳೆಯ ರೀಲುಗಳು ಬೆಳ್ಳಿಯ ಆಸೆಗೆ ಕರಗಿಹೋಗಿವೆ ಎಂದೆ.

'ಇಲ್ಲಿ ಚಿನ್ನ ತೆಗೆದ ಮೇಲೆ ಪುಡಿಯಾದರೂ ಉಳಿಯಿತಲ್ಲ ಸಾರ್' ಎಂದಳು ಅವಳು. ನನಗೆ ಉತ್ತರ ಹೊಳೆಯಲಿಲ್ಲ.

ಮುಂದಿನ ವಾರ ಅವಳ ಕೊಲಾಜ್ ಬಂತು. ಒಲೆಯ ಬೂದಿಯನ್ನು ಜರಡಿ ಹಿಡಿದು ಗೋಂದಿನಲ್ಲಿ ಕಲಸಿ ದಿಬ್ಬ ಮಾಡಿದ್ದಳು. ಅಡಿಯಲ್ಲಿ ಜಾಲಿಕಾಯಿಯ ಸಿಪ್ಪೆ, ರೈಲುಹಳಿಯಾಗಿ ತೆಂಗಿನ ಗರಿಯ ಕಡ್ಡಿ. ದಿಬ್ಬದ ಮೇಲೆ ನಟಿಯೊಬ್ಬಳ ಎರಡು ಕಣ್ಣು ಮಾತ್ರ. ಮುಖ ಎಲ್ಲಿ ಎಂದರೆ, 'ಕರಗಿಸಿಬಿಟ್ಟರು ಸಾರ್' ಎಂದಳು.

ಎಲೆಗಳನ್ನು ಪತ್ರಿಕೆಯ ಹಾಳೆಗಳ ನಡುವೆ ವಾರವಿಡೀ ಒಣಗಿಸಿರೆಂದು ಹೇಳಿದ್ದೆ. ಒಬ್ಬ ಕೇಳದೆ ಹಸಿಯಾಗಿಯೇ ಅಂಟಿಸಿದ. ಬೂಷ್ಟು ಬಂತು. ಅದನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ಎಲ್ಲರೂ ನೋಡಿದೆವು. ಬೂಷ್ಟಿನ ಪಾಠ ಪರೀಕ್ಷೆಗೆ ಬರುತ್ತದೆಂದು ಆ ತಂದೆಗೆ ಹೇಳಿಕಳಿಸಿದ್ದೇನೆ.