ಚಡಚಣದಲ್ಲಿ ಕಲಿತ ಹೇರು

ವಿಜಯಪುರದಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ಝಳಕಿಯವರೆಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ಹೊರಳಿದರೆ ಚಡಚಣ. ಸುತ್ತಲೂ ಎರೆಯ ಹೊಲ; ಜೋಳ, ಕಬ್ಬು, ನಡುನಡುವೆ ನಿಂಬೆಯ ತೋಟ. ಊರೊಳಗೆ ಸೀರೆಯ ಅಂಗಡಿಗಳು. ಮದುವೆಯ ಜವಳಿಗೆಂದು ಗಡಿಯಾಚೆಯ ಮಹಾರಾಷ್ಟ್ರದವರೂ ಇಲ್ಲಿಗೆ ಬರುತ್ತಾರೆ. ನಾವು ಹೋದದ್ದು ಜವಳಿಗಲ್ಲ, ಹೇರು ಕಟ್ಟುವುದನ್ನು ನೋಡುವುದಕ್ಕೆ. ಮನೆಯಲ್ಲಿ ಈ ಮಾತನ್ನು ಇನ್ನೂ ಪೂರ್ತಿಯಾಗಿ ನಂಬಿಲ್ಲ.

ಕಾರಣವನ್ನು ಹೇಳಿಬಿಡುತ್ತೇವೆ. ನಮ್ಮ ಮನೆಯ ಅಟ್ಟದ ಮೇಲೆ ಹಲಗೆಯೊಂದಿದೆ. ಅದರ ಮೇಲೆ ಗದಗ-ಹೋಟಗಿ ರೈಲುದಾರಿಯ ಪುಟ್ಟ ಪ್ರತಿರೂಪವನ್ನು ಕೆಲವು ವರ್ಷಗಳಿಂದ ಕಟ್ಟುತ್ತಲಿದ್ದೇವೆ. 1876-78ರ ಘೋರಕ್ಷಾಮದಲ್ಲಿ ಈ ಸೀಮೆ ತತ್ತರಿಸಿತು. ಧಾನ್ಯವನ್ನು ಹೊತ್ತು ತರುವ ದನಗಳೇ ಮೇವಿಲ್ಲದೆ ಸಾಯುತ್ತಿದ್ದವು. ಅದರ ತರುವಾಯ, 1880ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆಯವರು ಹಾಸಿದ ದಾರಿಯಿದು. ಆಗ ಹಳಿಗಳ ನಡುವಿನ ಅಂತರ 1000 ಮಿಲಿಮೀಟರು. ಈ ಶತಮಾನದ ಮೊದಲ ದಶಕದೊಳಗೆ ಅದು 1676 ಆಯಿತು. ಹಳೆಯ ಡಬ್ಬಿಗಳು ಗುಜರಿಗೆ ಹೋದವು. ನಾವು ಕಟ್ಟುತ್ತಿರುವುದು ಆ ಹೋದದ್ದನ್ನು. ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆಯಲ್ಲಿ.

ಡಬ್ಬಿಗಳೇನೋ ಸಿದ್ಧವಾದವು. ಒಂದು ದಿನ ಮೊಮ್ಮಗ, ‘ಇದರೊಳಗೆ ಏನು ಹೋಗುತ್ತಿತ್ತು?’ ಎಂದು ಕೇಳಿದನು. ಉತ್ತರಕ್ಕಾಗಿ ನಾವು ಅಡಿಗೆಮನೆಯನ್ನು ಹೊಕ್ಕೆವು. ಆ ಅಳತೆಯಲ್ಲಿ ಗಸಗಸೆಯ ಒಂದು ಕಾಳು, ನಿಜದಲ್ಲಿ ದೊಡ್ಡ ಕಿತ್ತಳೆಯಷ್ಟಾಗುತ್ತದೆ; ಸಾಸಿವೆಯಾದರೋ ಗೇಣುದ್ದಕ್ಕೆ ಸಮೀಪದ ಬಂಡೆಗಲ್ಲು! ನಾಲ್ಕು ಸೆಂಟಿಮೀಟರಿನ ನಿಂಬೆಹಣ್ಣಿಗೆ ಅರ್ಧ ಮಿಲಿಮೀಟರಿಗೂ ಕಡಿಮೆಯ ಕಾಳು ಬೇಕು. ಕೊನೆಗೆ ಸಣ್ಣ ರವೆಗೆ ಅರಿಸಿನ ಹಚ್ಚಿ, ಒಣಗಿಸಿ, ಅಂಟಿನ ಮೇಲೆ ಸುರಿದು, ತೆರೆದ ಡಬ್ಬಿಯೊಂದರ ತುಂಬ ಇಂಡಿ ಸೀಮೆಯ ನಿಂಬೆಯನ್ನು ಹೇರಿದೆವು. ಇದ್ದಿಲನ್ನು ಕುಟ್ಟಿ ಜರಡಿ ಹಿಡಿದು ಕಲ್ಲಿದ್ದಲು. ನದಿಯ ಮರಳಿನಿಂದ ಜಲ್ಲಿ. ಜೋಳದ ಚೀಲಗಳನ್ನು ಮರದ ತುಂಡಿನಿಂದ ಕೆತ್ತಿದೆವು. ನೋಡಿದವರೆಲ್ಲ ಹೊಗಳಿದರು.

ಚಡಚಣದ ಅಡತಿ ಅಂಗಡಿಯೊಂದರ ಕಟ್ಟೆಯ ಮೇಲೆ ಆ ಪೆಟ್ಟಿಗೆಯನ್ನು ಬಿಚ್ಚಿದಾಗ ಮಾತ್ರ ಯಾರೂ ಹೊಗಳಲಿಲ್ಲ. ಅಲ್ಲಿ ಕುಳಿತಿದ್ದ ವೃದ್ಧರೊಬ್ಬರು ಇಂಡಿ ರೋಡ್ ನಿಲ್ದಾಣದಲ್ಲಿ ಹಮಾಲರಾಗಿದ್ದವರು. 1972ರಲ್ಲಿ ಮಳೆ ಹೋಗಿ ಹೊಲ ಬೀಳುಬಿದ್ದಾಗ, ಮೀಸೆ ಮೂಡುವ ವಯಸ್ಸಿನಲ್ಲಿ, ಚೀಲ ಹೊರಲು ಬಂದವರಂತೆ. ಈಗ ಕಣ್ಣು ಮಂಜಾಗಿದೆ. ಡಬ್ಬಿಯನ್ನು ಮೂಗಿನ ಹತ್ತಿರಕ್ಕೆ ತಂದು, ಬೆರಳಿನಿಂದ ಸವರಿ ನೋಡಿದರು.

‘ಇದೇನ್ರೀ ಸಾಹೇಬರ, ಹಳದಿ?’

‘ನಿಂಬೆಹಣ್ಣು, ಅಜ್ಜಾರ.’

‘ನಿಂಬಿಹಣ್ಣ ಹಿಂಗ ಸುರದ್ರ ತಳದಾಗಿನವು ಕೊಳತು ನೀರಾಗ್ತಾವ. ಚೀಲದಾಗ ಹೋಗ್ತಾವ್ರೀ.’

ಎರಡು ವಾರದ ರವೆಯ ಕೆಲಸ ಅಲ್ಲಿಗೆ ಮುಗಿಯಿತು. ಜೋಳದ ಸರದಿ ಬಂದಾಗ ಅವರು ನಕ್ಕೇಬಿಟ್ಟರು. ಕಾಳಿನ ಚೀಲ ತೆರೆದ ಡಬ್ಬಿಯಲ್ಲಿ ಹೋಗುವುದುಂಟೆ? ಮಳೆಗೂ ಕಳ್ಳರಿಗೂ ಬಿಟ್ಟಂತೆ. ಅದು ಮುಚ್ಚಿದ ಡಬ್ಬಿಯ ಸರಕು. ಚೀಲ ಕಾಣಬೇಕಾದುದು ಬಾಗಿಲು ತೆರೆದಾಗ ಮಾತ್ರ. ಕಾಣುವುದಾದರೂ ಚೀಲದ ಬುಡ, ಬಾಯಿ ಒಳಗಡೆಗೆ. ಹೊಲಿಗೆ ಬಿಚ್ಚಿದರೂ ಕಾಳು ಹೊರಗೆ ಸುರಿಯಬಾರದು, ಯಾರೂ ಕೈಹಾಕಬಾರದು. ಒಂದು ಸಾಲು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ; ಇಲ್ಲವಾದರೆ ಗಾಡಿ ಎಳೆದಾಗ ಒಟ್ಟಿಲು ಜಾರುತ್ತದೆ. ಅಂಗಡಿಯೊಳಗಿನ ಚೀಲಗಳನ್ನು ತೋರಿಸಿಯೇ ಇಷ್ಟನ್ನೂ ವಿವರಿಸಿದರು. ಕೆಳಗಿನ ಚೀಲ ಮೇಲಿನದರ ಭಾರಕ್ಕೆ ಹೊಟ್ಟೆ ಚಪ್ಪಟೆ ಮಾಡಿಕೊಂಡು ಕುಳಿತಿತ್ತು. ನಮ್ಮ ಮರದ ಚೀಲಗಳಿಗೆ ಹೊಟ್ಟೆಯೇ ಇರಲಿಲ್ಲ.

ಜಲ್ಲಿಯ ಡಬ್ಬಿಯನ್ನು ನಾವು ಗೋಪುರದಂತೆ ತುಂಬಿದ್ದೆವು. ‘ಅರ್ಧಕ್ಕ ತೂಕ ಮುಗೀತದ್ರೀ’ ಎಂದರು. ಯೋಚಿಸಿದರೆ ಸರಿಯೇ: ಒಂದೇ ಪಾತ್ರೆಯಲ್ಲಿ ಅಳೆದರೆ ಜಲ್ಲಿ ಕಲ್ಲಿದ್ದಲಿನ ಹೆಚ್ಚುಕಡಿಮೆ ಎರಡರಷ್ಟು ತೂಗುತ್ತದೆ. ಕಲ್ಲಿದ್ದಲು ಕಂಠದವರೆಗೆ ಬರುವ ಡಬ್ಬಿಯಲ್ಲಿ ಜಲ್ಲಿ ನಡುಮಟ್ಟಕ್ಕೇ ನಿಲ್ಲಬೇಕು. ಕಣ್ಣಿಗೆ ತುಂಬಿದಂತೆ ಕಾಣುವುದು ಬೇರೆ, ಅಚ್ಚು ತಾಳುವುದು ಬೇರೆ. ಇದನ್ನು ನಾವು ಓದಿ ತಿಳಿಯಬಹುದಿತ್ತು, ಓದಿರಲಿಲ್ಲ.

ಹೊರಡುವ ಮುನ್ನ ಅವರ ಅಂಗಿಯ ಕೊರಳು ಸರಿದು, ಹೆಗಲಿನ ಮೇಲಿನ ಗಟ್ಟಿಗಟ್ಟಿದ ಚರ್ಮ ಕಂಡಿತು. ನಾವು ನೋಡಿದ್ದನ್ನು ಅವರೂ ಕಂಡರು. ‘ನಮ್ಮ ಹುಡುಗರಿಗೆ ಇದೆಲ್ಲ ಹೇಳಿದ್ರ ಬ್ಯಾಸರಾ ಮಾಡ್ಕೋತಾರ. ನೀವು ಇಷ್ಟು ದೂರದಿಂದ ಕೇಳಾಕ ಬಂದೀರಿ’ ಎಂದು ಚಹಾ ತರಿಸಿದರು. ದುಡ್ಡು ಕೊಡಗೊಡಲಿಲ್ಲ.

ಮನೆಗೆ ಬಂದು ಮರದ ಚೀಲಗಳನ್ನು ಒಲೆಗೆ ಹಾಕಿದೆವು. ಈಗ ಜೇಡಿಮಣ್ಣಿನಿಂದ ಸೆಂಟಿಮೀಟರಿಗಿಂತ ತುಸು ಉದ್ದನೆಯ ಚೀಲ ಮಾಡಿ, ಹಳೆಯ ಧೋತರದ ಚೂರನ್ನು ಒತ್ತಿ ನೇಯ್ಗೆಯ ಗುರುತು ಮೂಡಿಸುತ್ತೇವೆ. ಹಸಿಯಿರುವಾಗಲೇ ಒಂದರ ಮೇಲೊಂದನ್ನು ಒಟ್ಟಿದರೆ ಹೊಟ್ಟೆ ತಾನಾಗಿಯೇ ಬರುತ್ತದೆ. ಒಣಗಿದ ಮೇಲೆ ಚಹಾದ ಕಷಾಯದ ಬಣ್ಣ. ಮುಚ್ಚಿದ ಡಬ್ಬಿಯ ಬಾಗಿಲನ್ನು ಅರ್ಧ ಸರಿಸಿಟ್ಟಿದ್ದೇವೆ. ಒಳಗೆ ಕಾಣುವುದು ಹನ್ನೊಂದೇ ಚೀಲ. ಮೊಮ್ಮಗ ಬಗ್ಗಿ ನೋಡಿ, ಬಾಯಿ ಯಾವ ಕಡೆಗಿವೆಯೆಂದು ಕೇಳಿದನು. ಒಳಗಡೆಗೆ, ಎಂದೆವು.