ಹತ್ತು ಕಾಲಂ, ನೂರೆಂಬತ್ತು ಪ್ರಶ್ನೆ

ಎಳ್ಳಮಾಸಿ. ಮುಡಬಿಯ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ-ಕಡಬು ಮುಂದಿಟ್ಟುಕೊಂಡು ಕೂತಿದ್ದೆವು. ನ್ಯೂಜೆರ್ಸಿಯಿಂದ ತಂಗಿಯ ವಿಡಿಯೊ ಕಾಲ್. ಹಬ್ಬದ ಮಾತು ಎರಡೇ ನಿಮಿಷ. ಮಗನ ಕಾಲೇಜು ಅರ್ಜಿಗೆ ಜನವರಿ 1 ಕೊನೆ ದಿನವಂತೆ. ‘ಎಲ್ಲಾ ಮುಗದದ ಅಣ್ಣಾ, ಆಕ್ಟಿವಿಟಿ ಅಷ್ಟೇ ಉಳದಾವ.’

*

ಕೇಳಿ ತಿಳಿದದ್ದು: ಅಲ್ಲಿನ ‘ಕಾಮನ್ ಆ್ಯಪ್’ ಅರ್ಜಿಯಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗ. ಒಂದೊಂದರ ವಿವರಣೆಗೆ 150 ಅಕ್ಷರ, ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ. ಹುಡುಗನದು ಮೃದಂಗ, ಡಿಬೇಟು, ರೋಬೊ ಎಲ್ಲ ಸೇರಿ ಏಳಾಗಿವೆ. ಜೊತೆಗೆ ಎಪಿ ಕ್ಲಾಸುಗಳು. ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಮಲಗುವಾಗ ರಾತ್ರಿ ಒಂದಾಗುತ್ತದಂತೆ. ಮೃದಂಗ ಅವನಿಗೆ ಸೇರುತ್ತದೆಯೋ ಇಲ್ಲವೋ ಕೇಳಬೇಕೆಂದಿದ್ದೆ. ತಂಗಿಯ ಮುಖ ನೋಡಿ ಬಿಟ್ಟೆ.

*

ಅದೇ ಅರ್ಜಿಯಲ್ಲಿ ಮನೆಯ ಹೊಣೆಯನ್ನೂ ಬರೆಯಬಹುದು, ಕೂಲಿ ಕೆಲಸವನ್ನೂ ಬರೆಯಬಹುದು. ಇದನ್ನು ಹೇಳಿದಾಗ ಅಣ್ಣನ ಮಗಳು ಅಂಬಲಿ ಲೋಟ ಕೆಳಗಿಟ್ಟಳು. ‘ನೀರು ಹೊರೋದು, ತೊಗರಿ ಕೊಯ್ಯೋದು ಬರೀಬಹುದಾ ಕಾಕಾ?’ ಹೂಂ ಅಂದೆ. ‘ಹಂಗಾದ್ರ ನಮ್ಮವ್ವಗ ಸೀಟು ಸಿಗಬೇಕಾಗಿತ್ತು.’

ಬಸವಕಲ್ಯಾಣ ಇಲ್ಲೇ ಪಕ್ಕ. ಅಕ್ಕಿ ಆಯುವ ಕಾಯಕವನ್ನು ಅಲ್ಲಿನ ಶರಣೆ ಆಯ್ದಕ್ಕಿ ಲಕ್ಕಮ್ಮ ಯಾವ ಕಾಲಂನಲ್ಲಿ ತುಂಬುತ್ತಿದ್ದಳೋ.

*

ಅಣ್ಣನ ಮಗಳು ಬೀದರಿನಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್. ಹಾಸ್ಟೆಲಿನಿಂದ ಒಂದೇ ದಿನದ ರಜೆ. ಏಳನೆಯ ಇಯತ್ತೆಯಲ್ಲಿ ಪ್ರತಿಭಾ ಕಾರಂಜಿಯ ಭಕ್ತಿಗೀತೆಯಲ್ಲಿ ಕ್ಲಸ್ಟರ್ ದಾಟಿ, ತಾಲ್ಲೂಕು ದಾಟಿ ಜಿಲ್ಲೆಗೆ ಹೋಗಿ ಬಂದವಳು. ಊರೆಲ್ಲ ಹೊಗಳಿತ್ತು. ಹತ್ತನೆಯ ಇಯತ್ತೆ ಬಂತು, ಅದೇ ಊರು ‘ಇನ್ನ ಹಾಡು ಸಾಕು’ ಅಂದಿತು. ಮುಂದೆ ಡಾಕ್ಟರ್ ಸೀಟಿನ ಪರೀಕ್ಷೆ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ, ಅರ್ಧ ಪಾಲು ಜೀವಶಾಸ್ತ್ರ. ಕಂಠಕ್ಕೆ ಅಲ್ಲಿರುವ ಜಾಗ ಶ್ವಾಸನಾಳದ ಪಾಠದಲ್ಲಿ ಮಾತ್ರ.

ನಮ್ಮ ಭಾಗಕ್ಕೆ ಸಂವಿಧಾನದ 371ಜೆ ಇದೆ. ಇಲ್ಲಿನ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮವೇ. ಆದರೂ ಮೊದಲು ರ‍್ಯಾಂಕ್. ಸಿಇಟಿಯಲ್ಲಿ ಕ್ರೀಡೆಗೆ, ಎನ್‌ಸಿಸಿಗೆ ಕೋಟಾ ಉಂಟು. ಓಟಕ್ಕೆ ಬೆಲೆ ಬರುವುದು ಸರ್ಟಿಫಿಕೇಟ್ ದೊಡ್ಡದಾದರೆ. ಊರ ಬಯಲಲ್ಲಿ ಓಡಿದ್ದು ಓಟವಲ್ಲ.

*

ಮದ್ರಾಸ್ ಐಐಟಿ 2024ರಲ್ಲಿ ಆಟಗಾರರಿಗೆ, ಮರುವರ್ಷ ಕಲಾವಿದರಿಗೆ ಬೇರೆ ಸೀಟು ಇಟ್ಟಿತು. ಓದಿ ಹಿಗ್ಗಿದ್ದೆ. ಕೆಳಗಿನ ಸಾಲು ಆಮೇಲೆ ಕಂಡಿತು: ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಪಟ್ಟಿಯಲ್ಲಿ ಹೆಸರಿರಲೇಬೇಕು. ಗಣಿತ ಮುಗಿಸಿ ಬಾ, ಆಮೇಲೆ ಹಾಡು.

*

ನನಗೆ ಬಗೆಹರಿಯದ್ದು ಇದು. ಅಮೆರಿಕದಲ್ಲಿ ಮಗು ಏನು ಮಾಡಿದರೂ ಅರ್ಜಿಗೆ ಬೇಕು. ಬರಿದೇ ಕೂತು ಆಕಾಶ ನೋಡಲು ಬಿಡುವಿಲ್ಲ. ಇಲ್ಲಿ ಏನು ಮಾಡಿದರೂ ಅರ್ಜಿಗೆ ಬೇಡ. ಆ ಬಿಡುವನ್ನಾದರೂ ಅಣ್ಣನ ಮಗಳಿಗೆ ಬಿಡಬಹುದಿತ್ತಲ್ಲ? ಲೆಕ್ಕಕ್ಕಿಲ್ಲದ ಹಾಡಿಗೆ ನಾವೇಕೆ ಇಷ್ಟು ಹೆದರುತ್ತೇವೆ? ಅಣ್ಣನನ್ನು ಕೇಳಿದರೆ, ‘ನೀ ಫೀಸು ಕಟ್ಟು, ಆಮ್ಯಾಲ ಕೇಳು’ ಅಂದ. ಅದೂ ಸುಳ್ಳಲ್ಲ.

*

ಮರುದಿನ ನಸುಕಿನಲ್ಲೇ ಅವಳನ್ನು ಬಸ್ಸಿಗೆ ಹತ್ತಿಸಿದೆ. ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ನೋಟ್ಸ್ ತೆರೆದಳು. ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಹಾಡೋ, ಕ್ರೆಬ್ಸ್ ಸೈಕಲ್ಲೋ, ಗಾಜಿನ ಈಚೆ ನಿಂತ ನನಗೆ ತಿಳಿಯಲಿಲ್ಲ.