ದಡ್ಡ ಎನ್ನುವ ಮುನ್ನ

ಕೇಳಿದ ಕಥೆಯನ್ನು ಒಂದಕ್ಷರ ಬಿಡದೆ ಒಪ್ಪಿಸುವ ಕೆಲವು ಮಕ್ಕಳು ಅದನ್ನೇ ಪುಸ್ತಕದಲ್ಲಿ ಓದುವಾಗ ತಡವರಿಸುತ್ತಾರೆ. ಮದ್ರಸದಲ್ಲೂ ಶಾಲೆಯಲ್ಲೂ ನಾನು ಇಂಥವರನ್ನು ಕಂಡಿದ್ದೇನೆ. ಹೆತ್ತವರು ‘ಸೋಮಾರಿ’ ಎಂದು ದೂರುತ್ತಾರೆ. ಏಟೂ ಬೀಳುತ್ತದೆ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ಸ್ನೋಲಿಂಗ್ ತಮ್ಮ ವೃತ್ತಿಬದುಕನ್ನು ಇಂಥ ಮಕ್ಕಳಿಗಾಗಿ ಮುಡಿಪಾಗಿಟ್ಟವರು. ಲಂಡನ್ನಿನಲ್ಲಿ ಊಟಾ ಫ್ರಿತ್‌ರ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಮಾಡಿ, ಯಾರ್ಕ್‌ನಲ್ಲಿ ಪ್ರಾಧ್ಯಾಪಕಿಯಾಗಿ, 2012ರಿಂದ 2022ರ ವರೆಗೆ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥೆಯಾಗಿದ್ದರು. ಸಂಶೋಧನೆಯ ಆರಂಭದಲ್ಲೇ ಅವರು ಮಕ್ಕಳಿಗೆ ಅರ್ಥವಿಲ್ಲದ, ಸುಮ್ಮನೆ ಕಟ್ಟಿದ ಪದಗಳನ್ನು ಓದಲು ಕೊಟ್ಟರು. ಪರಿಚಿತ ಪದವನ್ನು ನೆನಪಿನಿಂದ ಹೇಳಿಬಿಡಬಹುದು. ಕಟ್ಟಿದ ಪದಕ್ಕೆ ಅಕ್ಷರಗಳ ಸದ್ದನ್ನು ಕೂಡಿಸಲೇಬೇಕು. ಡಿಸ್‌ಲೆಕ್ಸಿಯಾ ಇರುವ ಮಕ್ಕಳು ಎಡವುವುದು ಅಲ್ಲೇ. ಬುದ್ಧಿ ಚುರುಕಾಗಿದ್ದರೂ ಸದ್ದು-ಅಕ್ಷರದ ಜೋಡಣೆ ಅವರಿಗೆ ಕಷ್ಟ.

ಇದನ್ನು ತಿಳಿದ ಮೇಲೆ ನಾನೂ ತಡವರಿಸುವ ಮಕ್ಕಳಿಗೆ ‘ಟಪಿಲ’, ‘ಗೊಮಸು’ ಎಂಬಂಥ ಪದ ಬರೆದು ಓದಿಸಿ ನೋಡುತ್ತೇನೆ. ಇದರಿಂದ ಕಾಯಿಲೆ ನಿರ್ಧಾರವಾಗದು, ಅದು ತಜ್ಞರ ಕೆಲಸ. ಆದರೆ ಯಾರಿಗೆ ನೆರವು ಬೇಕೆಂಬ ಸುಳಿವು ಸಿಗುತ್ತದೆ. ಪದವನ್ನು ಸದ್ದುಗಳಾಗಿ ಬಿಡಿಸಿ, ಕೂಡಿಸಿ, ದಿನವೂ ಸ್ವಲ್ಪ ಹೊತ್ತು ಜೊತೆಗೆ ಕೂತು ಓದಿಸಿದರೆ ಸುಧಾರಣೆ ಸಾಧ್ಯ.

ಆದ್ದರಿಂದ ಹೆತ್ತವರೇ, ಮೊದಲು ಮಗುವಿನ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬಳಿಕ ಮನಶ್ಶಾಸ್ತ್ರಜ್ಞರಿಗೆ ತೋರಿಸಿ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ. ಓದನ್ನು ತಡವಾಗಿಯಾದರೂ ಕಲಿಸಬಹುದು. ‘ನಾನು ದಡ್ಡ’ ಎಂದು ನಂಬಿದ ಮಗುವಿನ ಮನಸ್ಸಿನಿಂದ ಆ ಮಾತನ್ನು ಅಳಿಸುವುದು ಬಹಳ ಕಷ್ಟ.